ಚೆಲ್ಲಿದ ಬಾಟಲಿ

ಮಲ್ಲಿಕಾಂಬಳ ಕುತ್ತಿಗೆಯಿಂದ ಥೈರಾಯ್ಡ್ ಗಡ್ಡೆ ತೆಗೆದ ಮಾರನೆಯ ಬೆಳಗು. ಹೊಲಿಗೆಯ ಪಕ್ಕದಿಂದ ಹೊರಟ ಸಣ್ಣ ಕೊಳವೆ ಮಂಚದ ಬದಿಯ ಪ್ಲಾಸ್ಟಿಕ್ ಬಾಟಲಿಗೆ ಇಳಿದಿತ್ತು. ಒಳಗೆ ಒಸರುವ ರಕ್ತ ಅದರಲ್ಲಿ ಸೇರಬೇಕು. ಎಷ್ಟು ಸೇರಿತೆಂದು ನೋಡಿಯೇ ಡಾಕ್ಟರು ಮನೆಗೆ ಕಳಿಸುವುದು.

ಆಪರೇಷನ್ನಿಗೆ ಮುಂಚೆ ಕೊರಳಿನ ಲಿಂಗವನ್ನು ಬಿಚ್ಚಿ ತೋಳಿಗೆ ಕಟ್ಟಿಕೊಂಡಿದ್ದಳು. ಈಗ ವಿಭೂತಿ ಹಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತರೆ ಕಣ್ಣು ಬಾಟಲಿಯ ಕಡೆಗೇ ಹೋಯಿತು. ರಕ್ತ ಮಗ್ಗುಲಲ್ಲಿಟ್ಟುಕೊಂಡು ಪೂಜೆ ಹೇಗೆ? ಅಜ್ಜಂಪುರದಲ್ಲಿ ಒಬ್ಬಳೇ ಹಿಟ್ಟಿನ ಗಿರಣಿ ನಡೆಸುವ ಹೆಂಗಸು. ತನ್ನ ಕೊಳೆಯನ್ನು ಇನ್ನೊಬ್ಬರ ಕೈಲಿ ತೆಗೆಸಿ ಗೊತ್ತಿಲ್ಲ. ಬಾಟಲಿ ಹಿಡಿದು ಬಚ್ಚಲಿಗೆ ಹೋಗಿ, ಮುಚ್ಚಳ ತೆಗೆದು ರಕ್ತ ಚೆಲ್ಲಿ, ತೊಳೆದು ಬಂದಳು. ಆಮೇಲೆ ಪೂಜೆಗೆ ಮನಸ್ಸು ನಿಂತಿತು.

ಡಾಕ್ಟರು ಬಂದು ಬಾಟಲಿ ಎತ್ತಿ ನೋಡಿದರು. “ರಾತ್ರಿಯೆಲ್ಲ ಏನೂ ಬಂದೇ ಇಲ್ವಲ್ಲಮ್ಮ. ಈ ಡ್ರೈನ್ ಕೊಳವೆ ತೆಗೆದುಬಿಡೋಣ. ಇವತ್ತೇ ಹೊರಡಿ.”

ತಮ್ಮ ಓಂಕಾರೇಶ್ ಬಾಗಿಲಲ್ಲಿ ನಿಂತಿದ್ದ. ಅವನು ತರೀಕೆರೆಯ ಈ ಆಸ್ಪತ್ರೆಗೆ ಬಂದದ್ದು ಇದೇ ಮೊದಲು. ಕಡೂರಿನಲ್ಲಿ ಹೆಂಡತಿಯ ಕಡೆಯವರ ಮದುವೆ. ಅಕ್ಕನನ್ನು ಊರಲ್ಲಿ ಇಳಿಸಿ ಹೋಗುವ ಯೋಚನೆ.

“ನಡಿಯಕ್ಕ, ಬಟ್ಟೆ ಕಟ್ಕ. ನಾಳೆಯಾದ್ರೆ ನಂಗಾಗಲ್ಲ.”

ಅವನ ಪಕ್ಕದಲ್ಲಿ ಕಾರಿನಲ್ಲಿ ಕೂತು ಎಷ್ಟು ವರ್ಷವಾಯಿತೋ. ಅವಳ ಚೀಲ ಆಗಲೇ ಸಿದ್ಧವಾಗಿತ್ತು.

ಪಕ್ಕದ ಮಂಚದ ಸುಗ್ರಾಬಿ ಎಲ್ಲ ನೋಡಿದ್ದಳು. “ಹೇಳ್ಬಿಡಕ್ಕ,” ಎಂದು ಪಿಸುಗುಟ್ಟಿದಳು. “ಕುತ್ತಿಗೆ ಒಳಗೇ ರಕ್ತ ಕಟ್ಕಂಡ್ರೆ ಉಸಿರಾಡೋದೆಂಗೆ? ಕಾರು ಬಂದೈತೆ ಅಂತ ಜೀವ ಕೊಡ್ತೀಯಾ?”

ನರ್ಸ್ ಕೈಗವಸು ಹಾಕಿಕೊಂಡು ಬಗ್ಗಿದಾಗ ಮಲ್ಲಿಕಾಂಬ ಅವಳ ಕೈ ಹಿಡಿದಳು.

“ಬಂದಿತ್ತು.” ಗಿರಣಿಯ ಸದ್ದನ್ನೂ ಮೀರುತ್ತಿದ್ದ ಗಂಟಲಿನಿಂದ ಬರೀ ಗಾಳಿ ಹೊರಟಿತು. “ನಾನೇ ಚೆಲ್ಲಿದೆ. ಪೂಜೆಗೆ ಕೂತ್ಕಬೇಕಿತ್ತು.”

ಡಾಕ್ಟರು ಬೈಯಲಿಲ್ಲ. ಹೊಸ ಬಾಟಲಿ ಹಾಕಿಸಿ, “ಇವತ್ತು ಇರ್ಲಿ, ನಾಳೆ ನೋಡೋಣ,” ಎಂದು ಮುಂದಿನ ಮಂಚಕ್ಕೆ ಹೋದರು.

“ಅಲ್ಲಕ್ಕ, ಸುಮ್ನೆ ಇದ್ದಿದ್ರೆ ಆಗ್ತಿರ್ಲಿಲ್ವಾ?” ಓಂಕಾರೇಶ್ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸಿದ. “ನಾಳೆ ಬಸ್ಸಿಗೆ ಬತ್ತೀಯ ತಾನೆ?”

ತಲೆಯಾಡಿಸಲು ಹೋದರೆ ಹೊಲಿಗೆ ಎಳೆಯಿತು. ಹೋಗಿ ಬಾ ಎಂದು ಕೈ ಎತ್ತಿದಳು.

ಕಾರು ಹೊರಟ ಸದ್ದು ಕಿಟಕಿಯಲ್ಲಿ ಕೇಳಿ ಬಸ್ಸುಗಳ ಗದ್ದಲದಲ್ಲಿ ಸೇರಿಹೋಯಿತು. ನರ್ಸ್ ತಿರುಗಿ ಬಂದು, “ಕ್ಯಾಂಟೀನಿಗೆ ಹೇಳ್ಬೇಕು. ಮಧ್ಯಾಹ್ನ ಎಷ್ಟು ಊಟ?” ಎಂದಳು.

ಮಲ್ಲಿಕಾಂಬ ಒಂದು ಬೆರಳು ತೋರಿಸಿದಳು.