ಅಗಲದ ಮೊನೆ

"ಇದಕ್ಕಿಂತ ಅಗಲದ್ದು ಇಲ್ವಾ ಮಗಳೇ?"

ಗಾಜಿನ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಬಾಣದ ಮೊನೆಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಅಲಿಕುಂಞಿ ಹಾಜಿ ಎತ್ತಿ ಬೆಳಕಿಗೆ ಹಿಡಿದರು. ಮೂರು ಅಲಗಿನ ಮೊನೆ. ನಾಡಿದ್ದು ನ್ಯೂಜಿಲೆಂಡಿಗೆ ವಿಮಾನ. ಗಲ್ಫಿನ ಹಮ್ದಾನ್ ಸ್ಟ್ರೀಟಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡ ಈ ಎಪ್ಪತ್ತರ ಬ್ಯಾರಿ ಪ್ರತಿ ವರ್ಷ ಜಿಂಕೆ ಬೇಟೆಗೆಂದು ಅಷ್ಟು ದೂರ ಹೋಗುವುದನ್ನು ಕೇಳಿ ನಗುವವರಿದ್ದರು. ಸ್ವರ್ಣಲತಾ ಎಂದೂ ನಕ್ಕಿರಲಿಲ್ಲ. ಅಲ್ ಕೂಜ್‌ನ ಈ ಬಿಲ್ಲಿನ ಅಂಗಡಿಯಲ್ಲಿ ಹನ್ನೆರಡು ವರ್ಷದಿಂದ ಅವರ ಬಿಲ್ಲಿಗೆ ಹುರಿ ಕಟ್ಟಿಕೊಡುತ್ತಿದ್ದವಳು ಅವಳೇ.

"ಅಗಲದ್ದು ಯಾಕೆ ಹಾಜಿಯವರೇ? ನಿಮ್ಮದು ಯಾವಾಗ್ಲೂ ಸಪೂರದ್ದಲ್ವಾ?"

ಹಾಜಿ ಮೊನೆಯನ್ನು ಬೆರಳುಗಳ ನಡುವೆ ತಿರುಗಿಸಿದರು.

"ಹೋದ ವರ್ಷದ್ದು ಓಡಿತು. ಬಿಸ್ಮಿಲ್ಲಾ ಹೇಳಿಯೇ ಬಿಟ್ಟದ್ದು. ಬಾಣ ಸರಿ ಒಳಗೆ ಹೋಗ್ಲಿಲ್ಲ. ಬೆಳಿಗ್ಗೆ ನೋಡುವಾಗ ತೋಡಿನ ನೀರಲ್ಲಿ ಸತ್ತು ಬಿದ್ದಿದೆ. ಬಾಣದಿಂದ ಸತ್ತದ್ದಾ, ನೀರಿನಿಂದ ಸತ್ತದ್ದಾ, ಯಾರು ಹೇಳುದು? ಮುಳುಗಿ ಸತ್ತದ್ದಾದ್ರೆ ಹಲಾಲ್ ಅಲ್ಲ, ತಿನ್ನಲಿಕ್ಕಾಗುದಿಲ್ಲ. ಅಲ್ಲೇ ಬಿಟ್ಟು ಬಂದೆ." ಮೊನೆಯನ್ನು ಕೆಳಗಿಟ್ಟರು. "ಅಷ್ಟು ದೊಡ್ಡ ಪ್ರಾಣಿ. ಸುಮ್ಮನೆ ಕೊಂದ ಹಾಗಾಯ್ತು. ಅಗಲದ್ದಾದ್ರೆ ಗಾಯ ದೊಡ್ಡದಾಗಿ ಅಲ್ಲೇ ಬೀಳ್ತದೆ."

ಸ್ವರ್ಣಲತಾಳಿಗೆ ಗೊತ್ತಿತ್ತು: ತಪ್ಪು ಮೊನೆಯದಲ್ಲ, ಹಾಜಿಯವರ ಭುಜದ್ದು. ಎರಡು ವರ್ಷದ ಹಿಂದೆ ಅದರ ಆಪರೇಷನ್ ಆದ ಮೇಲೆ ಬಿಲ್ಲಿನ ಬಿಗಿಯನ್ನು ಅವಳೇ ಎರಡು ಸಲ ಇಳಿಸಿಕೊಟ್ಟಿದ್ದಳು. ಅಗಲದ ಮೊನೆ ಒಳಹೊಗಲು ಇನ್ನೂ ಹೆಚ್ಚು ಬಲ ಬೇಕು. ಇದನ್ನು ಹಾಕಿದರೆ ಈ ವರ್ಷದ ಜಿಂಕೆಯೂ ನರಳಿಯೇ ಸಾಯುತ್ತದೆ. ಹೇಳದೆ ವಿಧಿಯಿರಲಿಲ್ಲ, ಹೇಳಿದಳು. ಗೋಡೆಯಿಂದ, ಟ್ರಿಗರ್ ಒತ್ತಿ ಬಾಣ ಬಿಡುವ ಒಂದು ಕ್ರಾಸ್‌ಬೋ ತೆಗೆದು ಅವರ ಮುಂದಿಟ್ಟಳು.

"ಇದ್ರ ಹ್ಯಾಂಡಲ್ ತಿರುಗಿಸಿದ್ರೆ ಹುರಿ ತಾನೇ ಬಿಗಿಯಾಗ್ತದೆ. ಭುಜಕ್ಕೆ ಕೆಲಸ ಇಲ್ಲ."

"ಅದು ಬಂದೂಕಿನ ತಮ್ಮ. ನನಗೆ ಬೇಡ." ಹಾಜಿಯವರ ಮುಖ ಕೆಂಪಾಯಿತು. "ನಲವತ್ತು ವರ್ಷ ನನ್ನ ಕೈಯಲ್ಲೇ ಎಳೆದಿದ್ದೇನೆ."

"ಹಾಗಾದ್ರೆ ಎಳೆದು ಹಿಡೀರಿ. ಜಿಂಕೆ ಪಕ್ಕಕ್ಕೆ ತಿರುಗುವ ತನಕ ಕಾಯ್ಬೇಕಲ್ಲ? ಹತ್ತು ಎಣಿಸ್ತೇನೆ. ಕೈ ಅಲುಗದೆ ನಿಂತ್ರೆ ನೀವು ಹೇಳಿದ ಮೊನೆ ನಾನೇ ಹಾಕಿಕೊಡ್ತೇನೆ."

ಹಾಜಿ ಮಣಿಕಟ್ಟಿಗೆ ಹುರಿ ಎಳೆಯುವ ಪಟ್ಟಿ ಬಿಗಿದರು. ಹಿಂದಿನ ಕೋಣೆಯ ಗುರಿಹಲಗೆಯ ಎದುರು ನಿಂತು, ಬಾಣ ಹೂಡಿ ಎಳೆದರು.

"ಒಂದು... ಎರಡು... ಮೂರು..."

ಮೊಣಕೈ ಅದುರತೊಡಗಿತು. ಕತ್ತಿನ ನರ ಉಬ್ಬಿತು. ಅವರನ್ನು ಸೋಲಿಸಿಯೇ ಬಿಡಬೇಕೆಂದು ಹೊರಟವಳಿಗೆ ಈಗ ಅವರು ಗೆದ್ದರೆ ಸಾಕು ಅನ್ನಿಸಿತು. ತನಗೇ ಗೊತ್ತಿಲ್ಲದಂತೆ ನಾಲ್ಕು, ಐದು, ಆರನ್ನು ಒಂದೇ ಉಸಿರಿಗೆ ಓಡಿಸಿದಳು.

"ಸರಿಯಾಗಿ ಎಣಿಸು ಮಗಳೇ." ಹಾಜಿ ಹಲ್ಲು ಕಚ್ಚಿಕೊಂಡೇ ಹೇಳಿದರು. "ಜಿಂಕೆಗೆ ಮೋಸ ಆಗ್ತದೆ."

ಅವಳು ನಾಲ್ಕರಿಂದ ಮತ್ತೆ ಶುರುಮಾಡಿದಳು. ಐದು ಅನ್ನುವಷ್ಟರಲ್ಲಿ ಅವರು ಹುರಿಯನ್ನು ಮೆಲ್ಲಗೆ ಸಡಿಲಿಸಿ, ಬಾಣ ತೆಗೆದರು.

"ಖಲಾಸ್," ಅಂದರು. "ಟಿಕೆಟ್ ಕ್ಯಾನ್ಸಲ್ ಮಾಡ್ಲಿಕ್ಕೆ ಹೇಳ್ತೇನೆ."

ಕ್ರಾಸ್‌ಬೋ ಕಡೆ ಅವರು ನೋಡಲಿಲ್ಲ. ಅವಳೂ ಅದರ ಮಾತೆತ್ತಲಿಲ್ಲ. ಪಟ್ಟಿಯ ಬಕಲ್ ಬಿಚ್ಚಲು ಹಾಜಿ ಎಡಗೈಯಿಂದ ಎರಡು ಸಲ ಪ್ರಯತ್ನಿಸಿದರು. ಆಗಲಿಲ್ಲ. ಕೊನೆಗೆ, ಬಳೆ ತೊಡಿಸಿಕೊಳ್ಳುವವರ ಹಾಗೆ, ಕೈಯನ್ನು ಅವಳ ಮುಂದೆ ಚಾಚಿದರು. ಸ್ವರ್ಣಲತಾ ತಲೆ ಬಗ್ಗಿಸಿ, ಅವಸರ ಮಾಡದೆ, ಬಕಲ್ ಬಿಚ್ಚತೊಡಗಿದಳು.