ಮೋಡದೊಳಗಿನ ಮಾತುಕತೆ

ಐಪೆರಿ ಅಲ್ಮಾಲುವಿನ ಗದ್ದುಗೆ ಏರಿ ವರ್ಷ ತುಂಬಿತ್ತು. ವಜೀರ ಓರೊಜ್ ಅವಳ ಮದುವೆಯ ಮಾತೆತ್ತದ ದಿನ ಆ ವರ್ಷದಲ್ಲಿ ಒಂದೂ ಇರಲಿಲ್ಲ.

“ಬಡಗಣ ಖಾನ ಕಣಿವೆ ಆಚೆ ದಂಡು ಇಳಿಸಿದಾನೆ, ಖಾನಂ,” ಎಂದು ಆ ದಿನವೂ ತುಂಬಿದ ಸಭೆಯಲ್ಲಿ ಶುರುಮಾಡಿದ. “ಅವನ ಮಗ ಬೆಕ್ತೂರನ್ನ ಮದುವೆ ಆಗಿಬಿಡಿ, ದಂಡು ವಾಪಸ್ ಹೋಗತ್ತೆ. ಇಲ್ಲಾಂದ್ರೆ ಅವನೇ ಬಂದು ಈ ಗದ್ದುಗೆ ಮೇಲೆ ಕೂರ್ತಾನೆ.”

ಐಪೆರಿಯ ಮನಸ್ಸು ಇದ್ದದ್ದು ತುಲ್ಪಾರ್‌ಗಳ ಲಾಯದಲ್ಲಿ. ಆ ರೆಕ್ಕೆಯ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದ ಎರ್ಮೆಕ್‌ನ ಮೈಯೆಲ್ಲ ಹುಲ್ಲಿನ ವಾಸನೆ. ಇಡೀ ಅರಮನೆ ಅವಳಿಗೆ ಬಾಗಿ ನಡೆಯುತ್ತಿದ್ದರೆ ಅವನೊಬ್ಬ ಮಾತ್ರ, “ಕುದುರೆ ಮೇಲೆ ಹಿಟ್ಟಿನ ಮೂಟೆ ಥರ ಕೂರ್ತೀಯಲ್ಲ, ನೆಟ್ಟಗೆ ಕೂತ್ಕೋ!” ಎಂದು ಗದರುತ್ತಿದ್ದ. ಆ ಗದರಿಕೆ ಕೇಳಲೆಂದೇ ಅವಳು ಬೇಕೆಂದು ಬಾಗಿ ಕೂರುತ್ತಿದ್ದಳು.

“ಆಗಲಿ,” ಎಂದಳು ಐಪೆರಿ. “ನಮ್ಮ ಪದ್ಧತಿ ಪ್ರಕಾರವೇ ನಡೀಲಿ. ತುಲ್ಪಾರ್ ಏರಿ ನನ್ನ ಬೆನ್ನಟ್ಟಲಿ. ಹಿಡಿದು ಮುತ್ತಿಟ್ಟರೆ ಮದುವೆ. ಆಗದಿದ್ರೆ ವಾಪಸ್ ಬರೋವಾಗ ನಾನು ಅಟ್ಟಿಸಿಕೊಂಡು ಬಂದು ಚಾಟಿಯಲ್ಲಿ ಬಾರಿಸ್ತೀನಿ.”

ಓರೊಜ್ ಹಿರಿಹಿರಿ ಹಿಗ್ಗಿದ. ಬೆಕ್ತೂರನ ಕರಿ ತುಲ್ಪಾರ್‌ಗೆ ಸಾಟಿಯಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆ ಖುಷಿಯಲ್ಲೇ, “ತುಲ್ಪಾರ್ ಹತ್ತೋಕೆ ಬರೋ ಯಾವ ಗಂಡಸಾದ್ರೂ ಬರಲಿ! ಆಮೇಲೆ ಯಾರೂ ಮೋಸ ಅನ್ನಬಾರದು,” ಎಂದುಬಿಟ್ಟ.

“ಹಾಗೇ ಬರೀರಿ,” ಎಂದವಳು ಶಾಯಿ ಆರುವ ಮುಂಚೆಯೇ ಮುದ್ರೆ ಒತ್ತಿದಳು. ವಜೀರನಿಗೆ ಲಾಯದವನ ನೆನಪಾಗುವ ಹೊತ್ತಿಗೆ ಸಭೆ ಮುಗಿದಿತ್ತು.

ಸೇಬಿನ ತೋಟಗಳು ಹೂಬಿಟ್ಟ ವಾರ ಪಂದ್ಯ ನಡೆಯಿತು. ಊರಿಗೆ ಊರೇ ಬಯಲಿನಲ್ಲಿ ನೆರೆದಿತ್ತು. ಐಪೆರಿಯ ಬಿಳಿ ಕುದುರೆ ಶಮಾಲ್ ಮೋಡಕ್ಕೆ ನುಗ್ಗಿತು. ಬೆಕ್ತೂರ್ ಹಿಂದೆಯೇ ಬಂದ. ಅವನ ಕುದುರೆ ನಿಜಕ್ಕೂ ಗಾಳಿಯಂಥದ್ದು; ಕ್ಷಣದಲ್ಲಿ ಪಕ್ಕಕ್ಕೇ ಬಂತು. ಆದರೆ ಅವನು ಕೈ ಚಾಚಲಿಲ್ಲ.

“ಖಾನಂ, ಸ್ವಲ್ಪ ಜೋರಾಗಿ ಓಡಿಸಿ ಮಾರಾಯ್ತಿ!” ಎಂದು ಕೂಗಿದ. “ಸೋಲೋಕೆ ಎಷ್ಟು ಕಷ್ಟಪಡ್ತಿದೀನಿ, ಕಾಣಲ್ವಾ?”

“ಯಾಕೆ? ಗದ್ದುಗೆ ಬೇಡ್ವಾ ನಿಮ್ಮಪ್ಪಂಗೆ?”

“ಯಾವ ಗದ್ದುಗೆ? ಬೇಸಿಗೇಲಿ ನಮ್ಮ ಕುರಿ ಮೇಯೋಕೆ ಕಣಿವೆ ಬಿಟ್ಟುಕೊಟ್ರೆ ಸಾಕು ನಮಗೆ. ನೀವು ಕಣಿವೆ ಮುಚ್ಚಿಸ್ತೀರಿ ಅಂತ ನಿಮ್ಮ ವಜೀರ ಬರೆದಿದ್ದ. ಮದುವೆ ಆದ್ರೆ ರಾಜ್ಯಭಾರ ತನಗೇ ಬಿಡಬೇಕು ಅಂತಾನೂ ಬರೆದಿದ್ದ. ನನಗೋ ಊರಲ್ಲಿ ಒಬ್ಬಳು ಕಾಯ್ತಿದಾಳೆ.”

ಐಪೆರಿಗೆ ಒಂದು ಕ್ಷಣ ಕಣ್ಣು ಕೆಂಪಾಯಿತು. ಮರುಕ್ಷಣ ನಗು ಉಕ್ಕಿತು. ವರ್ಷವಿಡೀ ನಿದ್ದೆಗೆಡಿಸಿದ್ದ ಯುದ್ಧದ ಭಯ ನಾಲ್ಕು ಮಾತಿಗೆ ಕರಗಿಹೋಗಿತ್ತು.

“ಕಣಿವೆ ನಿಮ್ಮದೇ, ಬೇಸಿಗೆ ಪೂರ್ತಿ. ಆ ಕಾಗದಗಳು?”

“ನನ್ನ ಚೀಲದಲ್ಲೇ ಇವೆ. ಚಾಟಿ ಮಾತ್ರ ಮೆಲ್ಲಗೆ ಬೀಸಿ.”

“ಸದ್ದಾದರೂ ಬರಬೇಕಲ್ಲಪ್ಪ!”

ಸದ್ದು ಚೆನ್ನಾಗಿಯೇ ಬಂತು. ಬೆಕ್ತೂರ್ ಅಯ್ಯಯ್ಯೋ ಎನ್ನುತ್ತ ಇಳಿದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಗ ಎರ್ಮೆಕ್ ಮುಂದೆ ಬಂದ. ಅವನು ಏರಿದ್ದು ವಯಸ್ಸಾದ ಬೂದು ತುಲ್ಪಾರ್. “ನಿಧಾನ ಮಾಡ್ತೀನಿ ಅಂದ್ಕೊಂಡಿದ್ರೆ ಮರೆತುಬಿಡು,” ಎಂದು ಪಿಸುಗುಟ್ಟಿ ಐಪೆರಿ ಹಾರಿದಳು. ಮಾತಿಗೆ ತಪ್ಪದೆ ಶರವೇಗದಲ್ಲಿ ಓಡಿಸಿದಳು. ಎರ್ಮೆಕ್ ಹಿಂದೆ ಬಿದ್ದ, ಇನ್ನೂ ಹಿಂದೆ ಬಿದ್ದ. ಕೊನೆಗೆ ಬಗ್ಗಿ ಮುದಿ ಕುದುರೆಯ ಕಿವಿಯಲ್ಲಿ ಏನೋ ಹೇಳಿದ. ಅದು ಒಮ್ಮೆ ಕೆನೆಯಿತು. ಶಮಾಲ್ ಗಕ್ಕನೆ ತಿರುಗಿ, ಐಪೆರಿ ಎಷ್ಟು ಒದ್ದರೂ ಕೇಳದೆ, ಮರಿಯಂತೆ ಹತ್ತಿರ ಬಂದು ನಿಂತಿತು.

“ಇದು ಮೋಸ!”

“ಇದು ಶಮಾಲ್‌ನ ಅಮ್ಮ ಕಣೇ. ಅಮ್ಮ ಕರೆದ್ರೆ ಮಗ ಬರದೆ ಇರ್ತಾನಾ?” ಎಂದ ಎರ್ಮೆಕ್, ಇಡೀ ಅಲ್ಮಾಲು ನೋಡುತ್ತಿರುವಂತೆಯೇ ಮುತ್ತಿಟ್ಟ.

ಕೆಳಗೆ ಬೆಕ್ತೂರ್ ಕಾಗದಗಳನ್ನು ಸಭೆಯ ಹಿರಿಯರ ಕೈಗೆ ಹಾಕಿದ್ದ. ಐಪೆರಿಯ ಅಪ್ಪಣೆಯಂತೆ ಓರೊಜ್ ಆ ಸಂಜೆಯೇ ಕಣಿವೆಗೆ ಹೊರಟ, ಬೇಸಿಗೆ ಪೂರ್ತಿ ಬಡಗಣ ಕುರುಬರ ಹುಲ್ಲಿನ ಜಗಳ ಬಗೆಹರಿಸುವ ಕೆಲಸದ ಮೇಲೆ.

ಆ ರಾತ್ರಿ ಹುಳಿಸಿದ ಕುದುರೆ ಹಾಲಿನ ಕುಮಿಸ್ ಬಟ್ಟಲು ಎತ್ತುತ್ತ ಐಪೆರಿ ಎರ್ಮೆಕ್‌ನನ್ನು ಕೇಳಿದಳು, “ನಾಳೆ ಸಭೆಗೆ ಬರ್ತೀಯಾ?”

“ಮೇವು ಹಾಕಿ ಬರ್ತೀನಿ. ಸ್ವಲ್ಪ ಕಾಯೋಕೆ ಹೇಳು.”

ಮರುದಿನ ಅಲ್ಮಾಲುವಿನ ಸಭೆ ಕಾಯಿತು.