ರಾಜನಿಲ್ಲದ ನಲವತ್ತು

ಸೈಫುದ್ದೀನ ಚಾಚಾನ ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೋಟೆಯಾಟ ಆಡುವವರು ಯಾವ ಮಾತಿಗೂ ಒಪ್ಪುತ್ತಿರಲಿಲ್ಲ, ಒಂದನ್ನು ಬಿಟ್ಟು. ರಾಜನಿಲ್ಲದ ಡೆಕ್ಕು ದಿಕ್ಕಿಲ್ಲದ ಡೆಕ್ಕು ಎಂಬುದು ಅಲ್ಲಿ ಎಲ್ಲರಿಗೂ ಒಪ್ಪಿತವಾಗಿತ್ತು. ಹೊನವಾಡದಿಂದ ದಿನಾ ಬಸ್ಸಿನಲ್ಲಿ ವಿಜಯಪುರಕ್ಕೆ ಕಾಲೇಜಿಗೆ ಬರುವ ಸಂಘಮಿತ್ರಾಳಿಗೆ ಮಾತ್ರ, ಇಷ್ಟು ಜಗಳಗಂಟರು ಒಟ್ಟಾಗಿ ಒಪ್ಪಿದ್ದಾರೆಂದರೆ ಅದರಲ್ಲೇನೋ ಹುಳುಕಿದೆ ಎನಿಸುತ್ತಿತ್ತು.

ಆಟ ಸರಳ. ಇಬ್ಬರು ಎದುರುಬದುರು ಕೂರಬೇಕು. ಒಬ್ಬೊಬ್ಬರಿಗೆ ಹದಿನೈದು ಕಲ್ಲಿನ ಕೋಟೆ, ತಾವೇ ಆರಿಸಿ ಜೋಡಿಸಿಕೊಂಡ ನಲವತ್ತು ಕಾರ್ಡಿನ ಡೆಕ್ಕು. ಸರದಿಗೊಂದು ಕಾರ್ಡು ಇಳಿಸಿ ಒಂದರಿಂದ ಹೊಡೆಯಬೇಕು. ಹೊಡೆದ ಕಾರ್ಡಿನ ಬಲವೆಷ್ಟೋ ಅಷ್ಟು ಕಲ್ಲು ಉದುರುತ್ತವೆ, ಇಲ್ಲವೇ ಅದಕ್ಕಿಂತ ಕಡಿಮೆ ಬಲದ ಒಂದು ಕಾರ್ಡು ಸಾಯುತ್ತದೆ. ರಾಜನ ಬಲ ಒಂಬತ್ತು, ಆದರೆ ಐದನೆಯ ಸರದಿಗೆ ಮೊದಲು ಅವನು ಹಾಸಿಗೆ ಬಿಟ್ಟು ಏಳುವುದಿಲ್ಲ. ಆಳಿನ ಬಲ ಒಂದು. ನಡುವೆ ಸೈನಿಕರು, ಕಾವಲುಗಾರರು. ಕಾರ್ಡಿನ ಪೊಟ್ಟಣ ನೂರು ಒಡೆದರೆ ಒಬ್ಬ ರಾಜ ಸಿಕ್ಕಾನು. ಆಳುಗಳು ಒಂದೊಂದು ಪೊಟ್ಟಣದಲ್ಲೂ ಇಬ್ಬಿಬ್ಬರು. ರಾಜನ ಕಾರ್ಡು ಸವೆಯದಂತೆ ಅದಕ್ಕೆ ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿದ ಮೇಲೆ ಆಳುಗಳನ್ನು ಚಾಚಾನ ಕೌಂಟರಿನ ಬಿಸ್ಕೀಟ್ ಡಬ್ಬಿಗೆ ಎಸೆದು ಹೋಗುವುದು ರೂಢಿ. ಬೇಕಾದವರು ಪುಕ್ಕಟೆ ಒಯ್ಯಬಹುದಿತ್ತು. ಬೇಕಾದವರು ಯಾರೂ ಇರಲಿಲ್ಲ.

ಇನ್ನೊಂದು ರೂಢಿಯನ್ನು ಸಂಗು ಹುಟ್ಟಿಸಿದ್ದ. ಬಬಲೇಶ್ವರದ ಗೊಬ್ಬರದಂಗಡಿ ಮನೆತನದ ಸಂಗು ಎರಡು ವರ್ಷದಿಂದ ಆ ಕೋಣೆಯ ಗೆಲುವಿನ ಕುರ್ಚಿಯಲ್ಲೇ ಕೂತವನು. ರಾಜನ ಕೈಯಿಂದ ಆಳನ್ನು ಹೊಡೆಸಿದವನು ಅಲ್ಲಿದ್ದವರಿಗೆಲ್ಲ ಚಹಾ ಕುಡಿಸಬೇಕು; ರಾಜನೆಂದ ಮೇಲೆ ಘನತೆ ಬೇಕಲ್ಲ. ಚಹಾ ಕುಡಿಸುವುದಕ್ಕಿಂತ ಅದರ ಬೆನ್ನಿಗೆ ಬರುವ ನಗೆ ಕಷ್ಟ. ಒಮ್ಮೆ ಒಬ್ಬ ಕೈ ತಪ್ಪಿ ಹೊಡೆಸಿದ್ದಕ್ಕೆ ಆರು ತಿಂಗಳು ಅವನ ಹೆಸರು 'ಚಹಾ ಮಹಾರಾಜ' ಎಂದೇ ನಡೆಯಿತು.

ಬರುವ ಭಾನುವಾರ ಎಂಟು ಜನರ ಪಂದ್ಯ. ಗೆದ್ದವರೊಬ್ಬರು ಹುಬ್ಬಳ್ಳಿಯ ರಾಜ್ಯಮಟ್ಟದ ಪಂದ್ಯಕ್ಕೆ. ಸಂಘಮಿತ್ರಾಳಿಗೆ ಹುಬ್ಬಳ್ಳಿಗೆ ಹೋಗಲೇಬೇಕಿತ್ತು, ಅದೂ ತಾನೇ ಕಟ್ಟಿದ ಡೆಕ್ಕಿನಿಂದ. ಹೋದ ವರ್ಷ ಎರವಲು ರಾಜನನ್ನಿಟ್ಟುಕೊಂಡು ಸಂಗುವಿನ ಡೆಕ್ಕಿನ ಪಟ್ಟಿಯನ್ನೇ ನಕಲು ಹೊಡೆದು ಮೊದಲ ಸುತ್ತಿನಲ್ಲೇ ಮಲಗಿದ್ದಳು. ಪ್ರಿನ್ಸಿಪಾಲರಿಂದ ಹಿಡಿದು ಟಿಕೋಟಾ ಬಸ್ಸಿನ ಕಂಡಕ್ಟರನವರೆಗೆ ಯಾರ ದನಿ ಬೇಕೋ ಅವರ ದನಿ ತೆಗೆಯಬಲ್ಲ ಹುಡುಗಿ ಅವಳು. ಇಂಥವಳು ಆಟದಲ್ಲೂ ಇನ್ನೊಬ್ಬರ ಗಂಟಲಿನಿಂದ ಕೂಗಿ ಸೋತದ್ದು ಒಳಗೊಳಗೇ ಕೊರೆಯುತ್ತಿತ್ತು.

ಸೋಮವಾರ ಸಂಗು ಎಲ್ಲರ ಎದುರು ಉದಾರಿಯಾದ.

"ನನ್ನ ಕಡೆ ಎರಡ ರಾಜಾ ಅದಾವು. ಒಂದ ನೀ ಒಯ್ಯಿ. ಆದ್ರ ಲಿಸ್ಟ ನಾ ಬರದ ಕೊಟ್ಟಂಗ ಆಡಬೇಕು. ಮೊದಲನೇ ಸುತ್ತರ ದಾಟತಿ."

"ರಾಜಾ ನಿಂದು, ಲಿಸ್ಟ ನಿಂದು," ಎಂದಳು ಸಂಘಮಿತ್ರಾ. "ಹಂಗಾದ್ರ ನಾ ಯಾಕ ಬರ್ಲಿ? ನನ್ನ ಕುರ್ಚಿ ಅಷ್ಟ ಕಳಸ್ತೇನಿ, ಅದರ ಕೂಡ ಆಡು."

ಅಷ್ಟಕ್ಕೇ ಬಿಡದೆ, ಸಂಗು ಕಾರ್ಡು ಇಳಿಸುವ ಮುಂಚೆ ಎರಡು ಸಲ ಗಂಟಲು ಸರಿಮಾಡಿಕೊಳ್ಳುವುದನ್ನು ಹಾಗೇ ಮಾಡಿ ತೋರಿಸಿದಳು. ಚಾಚಾ ನಕ್ಕು ಝೆರಾಕ್ಸ್ ಹಾಳೆ ಕೆಡಿಸಿಕೊಂಡ. ಸಂಗು ನಗಲಿಲ್ಲ. ರಾಜನಿಲ್ಲದೆ ಆಡಲು ನಿಯಮವೇ ಇಲ್ಲ ಎಂದ. ಚಾಚಾ ಆಟದ ಜೊತೆ ಬಂದಿದ್ದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಕಾರ್ಡು ನಲವತ್ತಿರಬೇಕು ಎಂದಿತ್ತು. ಯಾವ ಕಾರ್ಡು ಎಷ್ಟು ಎಂಬ ಮಾತೂ ಇರಲಿಲ್ಲ, ರಾಜನಿರಲೇಬೇಕೆಂಬ ಸುದ್ದಿಯೂ ಇರಲಿಲ್ಲ. ಹಾಗಿದ್ದರೆ ಆಡಿ ಅವಮಾನ ಮಾಡಿಕೊಳ್ಳಲಿ ಎಂದು ಸಂಗು ಎದ್ದು ಹೋದ. ಸಂಘಮಿತ್ರಾ ಬಿಸ್ಕೀಟ್ ಡಬ್ಬಿಯಿಂದ ಹಿಡಿಗಟ್ಟಲೆ ಆಳುಗಳನ್ನು ಚೀಲಕ್ಕೆ ತುಂಬಿಕೊಂಡು ಬಸ್ ಹತ್ತಿದಳು.

ಆ ಸಂಜೆ ಅವಳ ತಾಯಿ ಪರಸವ್ವ ಕಟ್ಟೆಯ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಒಣದ್ರಾಕ್ಷಿ ಶೆಡ್ಡಿನ ಕೂಲಿಗೆ ರಜೆ ಹಾಕಿ, ಇಡೀ ದಿನ ಪಕ್ಕದ ಮನೆಯ ಶಂಕ್ರೆವ್ವನ ಹೊಲದಲ್ಲಿ ದುಡಿದು ಬಂದಿದ್ದಳು. ಚೀಲದಿಂದ ಸುರಿದ ಇಸ್ಪೀಟಿನಂಥ ರಾಶಿ ಕಂಡು ಏನೆಂದು ಕೇಳಿದಳು. ಸಂಘಮಿತ್ರಾ ಆಳಿನ ಚಿತ್ರದ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ ಹೇಳಿದಳು: ಈ ಕಾರ್ಡು ತಾನು ಹೊಡೆಯುವುದನ್ನು ಬಿಟ್ಟು ತನ್ನ ಬಲವನ್ನು ಪಕ್ಕದ ಆಳಿಗೆ ಕೊಡಬಹುದು, ಮುಂದಿನ ಸರದಿಯಲ್ಲಿ ಆ ಆಳು ಅದನ್ನು ಎರಡರಷ್ಟು ಮಾಡಿ ಹಿಂದಿರುಗಿಸಬೇಕು, ಪಡೆದವನು ಕೂಡಲೇ ಹೊಡೆಯಬಹುದು. ಅಂಗಡಿಯಲ್ಲಿ ಎಲ್ಲರೂ ಇದನ್ನು ಓದಿದ್ದರು. ಬಂದ ಸರದಿಯನ್ನು ಯಾವ ಹುಚ್ಚ ಬಿಟ್ಟುಕೊಡುತ್ತಾನೆ ಎಂದು ಮರೆತಿದ್ದರು.

"ಇದು ಮುಯ್ಯಾಳಲ್ಲೇನ ಬೇ?" ಎಂದಳು ಪರಸವ್ವ. "ಇವತ್ತ ನಾ ಶಂಕ್ರೆವ್ವನ ಹೊಲಕ್ಕ, ಗುರುವಾರ ಆಕಿ ನಮ್ಮ ಹೊಲಕ್ಕ. ನಮ್ಮಾಗ ಒಂದಕ್ಕ ಒಂದು. ಇವ್ರು ಒಂದಕ್ಕ ಎರಡ ಕೊಡತಾರಂದ್ರ ಭಾರಿ ಚಲೋ ಮಂದಿ."

ಸಂಘಮಿತ್ರಾ ಕೈಯಲ್ಲಿದ್ದ ಕಾರ್ಡನ್ನು ಮತ್ತೊಮ್ಮೆ ನೋಡಿದಳು. ಪಕ್ಕಕ್ಕೆ ಇನ್ನೊಬ್ಬ ಆಳು ಬರುವ ಎರಡನೆಯ ಸರದಿಗೆ ಕೊಟ್ಟ ಒಂದು, ಮೂರನೆಯದಕ್ಕೆ ಎರಡಾಗಿ ಬರುತ್ತದೆ. ಹೊಡೆಯದೆ ಇಟ್ಟುಕೊಂಡರೆ ಆ ಎರಡೂ ಮುಯ್ಯಿಯೇ, ಮುಂದಿನ ಸರದಿಗೆ ಪಕ್ಕದವನಿಗೆ ನಾಲ್ಕಾಗಿ ತಿರುಗುತ್ತದೆ. ನಾಲ್ಕು ಎಂಟು. ಹೊಡೆಯುವ ಆಸೆಯನ್ನು ಐದು ಸರದಿ ತಡೆದುಕೊಂಡರೆ ಆರನೆಯದಕ್ಕೆ ಹದಿನಾರು. ಕೋಟೆಗೆ ಇರುವುದು ಹದಿನೈದೇ ಕಲ್ಲು. ಅವ್ವ ಸಂಜೆಯ ಮಾತಿಗೆಂದು ಆಡಿದ್ದು ಮಗಳ ಡೆಕ್ಕಿಗೆ ಅಡಿಪಾಯವಾಯಿತು.

ಮೊದಲು ಮೂವತ್ತೆರಡು ಆಳು, ಎಂಟು ಕಾವಲುಗಾರರು ಎಂದು ಜೋಡಿಸಿದಳು. ಬಲ ಹಿಡಿದು ನಿಂತ ಆಳು ಸತ್ತರೆ ಮುಯ್ಯಿಯೂ ಸತ್ತಂತೆ, ಅವನನ್ನು ಕಾಯುವವರು ಬೇಕು. ಆಮೇಲೆ ಯೋಚಿಸಿದಳು. ಎಂಟು ಬಲದ ಆಳನ್ನು ಕೊಲ್ಲಬಲ್ಲವನು ರಾಜನೊಬ್ಬನೇ. ಆ ರಾಜನಿಗೆ ಆ ಕೋಣೆಯಲ್ಲಿ ಚಹಾದ ಭಯವಿದೆ. ಕಾವಲುಗಾರರನ್ನು ಒಬ್ಬೊಬ್ಬರಾಗಿ ತೆಗೆದು ಅವರ ಜಾಗಕ್ಕೂ ಆಳುಗಳನ್ನೇ ಸೇರಿಸಿದಳು. ನಲವತ್ತಕ್ಕೆ ನಲವತ್ತೂ ಆಳು.

ಭಾನುವಾರ ಕೋಣೆ ತುಂಬಿತ್ತು. ಬಲ ಎಣಿಸಲು ಎಲ್ಲರೂ ಗಾಜಿನ ಗುಂಡು ತಂದಿದ್ದರೆ ಸಂಘಮಿತ್ರಾ ಒಣದ್ರಾಕ್ಷಿ ತಂದಿದ್ದಳು. ಶೆಡ್ಡಿನಲ್ಲಿ ಕಪ್ಪಾಯಿತೆಂದು ಆರಿಸಿ ತೆಗೆದದ್ದು. ಆಳುಗಳನ್ನು ಇಳಿಸುವಾಗ ಕಂಡಕ್ಟರನ ದನಿ ತೆಗೆದಳು: "ಮುಂದ ಸರೀರಿ, ನಡುವ ಜಾಗಾ ಐತಿ, ಮುಂದ ಸರೀರಿ." ಎದುರಾಳಿಗಳು ನಕ್ಕರು. ನಗುತ್ತಲೇ ಮೊದಲ ಇಬ್ಬರು ಸೋತರು. ಇಬ್ಬರನ್ನೂ ಅವಳು ಎಂಟೆಂಟರ ಎರಡು ಏಟಿನಲ್ಲಿ ಮುಗಿಸಿದ್ದಳು, ಬೇಕೆಂದೇ. ಹದಿನಾರನ್ನು ಯಾರಿಗೂ ತೋರಿಸಲಿಲ್ಲ.

ಕೊನೆಯ ಸುತ್ತಿಗೆ ಎದುರು ಸಂಗು. ನಾಲ್ಕು ಸರದಿಯಲ್ಲಿ ಅವನ ಸಣ್ಣ ಪುಟ್ಟ ಸೈನಿಕರು ಅವಳ ಐದು ಕಲ್ಲು ಉದುರಿಸಿದರು. ಅವಳು ಒಂದು ಕಲ್ಲನ್ನೂ ಮುಟ್ಟಲಿಲ್ಲ. ಈ ಆಳಿನಿಂದ ಆ ಆಳಿಗೆ ದ್ರಾಕ್ಷಿ ದಾಟಿಸುತ್ತ ಕೂತಳು. ಐದನೆಯ ಸರದಿ ಮುಗಿದಾಗ ನಡುವಿನ ಆಳಿನ ಮೇಲೆ ಎಂಟು ದ್ರಾಕ್ಷಿ.

ಸಂಗು ಎರಡು ಸಲ ಗಂಟಲು ಸರಿಮಾಡಿಕೊಂಡು ರಾಜನನ್ನು ಎಬ್ಬಿಸಿದ. ಎಂಟು ದ್ರಾಕ್ಷಿಯನ್ನು ನೋಡಿದ. ಅವಳ ಮುಖ ನೋಡಿದ. ರಾಜನ ಕಾರ್ಡು ಮೆಲ್ಲಗೆ ಆ ಆಳಿನ ಮೇಲೆ ಬಂದು ನಿಂತಿತು. ಸಂಘಮಿತ್ರಾಳ ಉಸಿರೂ ನಿಂತಿತು. ಕಾಯಲು ಯಾರೂ ಇರಲಿಲ್ಲ, ಎಂಟು ಕಾವಲುಗಾರರೂ ಹೊನವಾಡದ ಮನೆಯಲ್ಲಿ ಮಲಗಿದ್ದರು.

"ಚಾಚಾ, ಚಹಾಕ್ಕ ಹೇಳ್ರಿ," ಎಂದರು ಹಿಂದಿನಿಂದ ಯಾರೋ. "ಮಹಾರಾಜರು ಕೂಲಿಯವನ ಕೂಡ ಕುಸ್ತಿಗೆ ಇಳದಾರ."

ಕೋಣೆ ಗೊಳ್ಳೆಂದಿತು. ಸಂಗುವಿನ ಕಿವಿ ಕೆಂಪಾಯಿತು. ಎಂಟರ ಒಂದು ಏಟು ತಿಂದರೂ ತನಗೆ ಏಳು ಕಲ್ಲು ಉಳಿಯುತ್ತವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿರಬೇಕು. ರಾಜನನ್ನು ಆಳಿನ ಮೇಲಿಂದ ಸರಿಸಿ ಕೋಟೆಗೆ ಹೊಡೆಸಿದ. ಹತ್ತರಲ್ಲಿ ಒಂಬತ್ತು ಉದುರಿ ಒಂದು ಕಲ್ಲು ಉಳಿಯಿತು.

ಒಂದೇ ಸಾಕಿತ್ತು. ಸಂಘಮಿತ್ರಾ ಪಕ್ಕದ ಆಳಿನ ಮೇಲೆ ಒಂದೊಂದಾಗಿ ಹದಿನಾರು ದ್ರಾಕ್ಷಿ ಇಟ್ಟಳು. ಹತ್ತು ದಾಟಿದಾಗ ನಗೆ ನಿಂತಿತು. ಹದಿನಾರಕ್ಕೆ ಚಾಚಾ ಪುಸ್ತಕವನ್ನೂ ತೆರೆಯದೆ ಸಂಗುವಿನ ಹದಿನೈದು ಕಲ್ಲನ್ನು ತಾನೇ ಒತ್ತಟ್ಟಿಗೆ ಗೋರಿ ತೆಗೆದ.

ಸಂಗು ತನ್ನ ಕಾರ್ಡುಗಳನ್ನು ಒಟ್ಟುಗೂಡಿಸಿಕೊಂಡ. ಅಷ್ಟರಲ್ಲಿ ಚಾಚಾ ಮಾತು ತೆಗೆದ. "ಹುಬ್ಬಳ್ಯಾಗ ನಮ್ಮ ಚಹಾದ ದಂಡ ಇಲ್ಲ, ಬೇಟಿ. ಅಲ್ಲಿ ರಾಜಾ ಆಳಿನ ಮ್ಯಾಲೂ ಕೈ ಎತ್ತತಾನ."

ಸಂಗು ತನ್ನ ಎರಡನೆಯ ರಾಜನನ್ನು ಮೇಜಿನ ಮೇಲೆ ಅವಳತ್ತ ತಳ್ಳಿದ. ಅವಳನ್ನು ನೋಡದೆಯೇ ಹೇಳಿದ: "ಈಗರ ಒಯ್ಯಿ. ಲಿಸ್ಟ ನಿಂದಽ ಇರ್ಲಿ."

ಕೆಟ್ಟ ಮನಸ್ಸಿನಿಂದ ಕೊಟ್ಟದ್ದಲ್ಲವೆಂದು ಸಂಘಮಿತ್ರಾಳಿಗೆ ತಿಳಿಯಿತು. ಚಾಚಾನ ಮಾತು ನಿಜವೆಂದೂ ತಿಳಿಯಿತು. ಪ್ಲಾಸ್ಟಿಕ್ಕಿನ ಅಂಗಿ ತೊಟ್ಟ ರಾಜನನ್ನು ಒಂದು ಬೆರಳಿನಿಂದ ಬಂದ ದಾರಿಗೇ ತಿರುಗಿ ಕಳಿಸಿದಳು.

"ಎತ್ತಲಿ, ಚಾಚಾ. ಒಂದ ಸರದಿಗೆ ಅವಾ ಒಬ್ಬನ್ನ ಅಷ್ಟ ಹೊಡೀಬಹುದು. ಇಲ್ಲಿ ನಾ ಆಳಿಂದು ಒಂದ ಸಾಲು ಕಟ್ಟಿದ್ದೆ, ಅಲ್ಲಿ ಮೂರ ಕಟ್ಟತೇನಿ. ಕಾವಲಿನವ್ರನೂ ಕರ್ಕೊಂಡು ಹೋಗತೇನಿ. ರಾಜಾಗ ಮಾತ್ರ ಜಾಗಾ ಇಲ್ಲ."

ಹದಿನಾರು ದ್ರಾಕ್ಷಿಯನ್ನು ಬಾಯಿಗೆ ಹಾಕಿಕೊಂಡು, ಕೌಂಟರಿನ ಬಿಸ್ಕೀಟ್ ಡಬ್ಬಿಯನ್ನು ಇಡಿಯಾಗಿ ಚೀಲಕ್ಕೆ ಬೋರಲು ಹಾಕಿದಳು. ಕಾರ್ಡುಗಳು ಒಂದರ ಮೇಲೊಂದು ಬಿದ್ದು ಚೀಲ ಉಬ್ಬಿತು, ಜಿಪ್ಪು ಎಳೆದರೂ ಬರಲೊಲ್ಲದು. ಅವಳು ಬಾಯಲ್ಲಿ ದ್ರಾಕ್ಷಿ ಇಟ್ಟುಕೊಂಡೇ ಕಂಡಕ್ಟರನಾದಳು.

"ಮುಂದ ಸರೀರಿ. ಹುಬ್ಬಳ್ಳಿ, ಹುಬ್ಬಳ್ಳಿ. ನಡುವ ಇನ್ನೂ ಜಾಗಾ ಐತಿ."